ಮುರುಗಲು, ಉಪ್ಪಾಗೆ ಕೊಳ್ಳುವಾಗ ಬೀಜ ಎಲ್ಲಿ ಹೋಯಿತೆಂದು ಕೇಳಿ

ಶಿರಸಿ ಪೇಟೆಯ ಕಿರಾಣಿ ಅಂಗಡಿಯಿಂದ ಹಿಡಿದು ದೇವಿಮನೆ ಘಟ್ಟ ಇಳಿದ ಮೇಲಿನ ಕುಮಟಾ, ಅಂಕೋಲಾ ರಸ್ತೆಬದಿಯವರೆಗೆ, ಅಲ್ಲಿಂದ ಕಾರವಾರದವರೆಗೆ ಕಾಡುಹುಳಿಯ ಸರಕು ಸಾಲಾಗಿ ಕೂತಿರುತ್ತದೆ. ಮುರುಗಲ, ಅಂದರೆ ಕೋಕಂ ಹಣ್ಣಿನ ಒಣಸಿಪ್ಪೆ, ಅದರದೇ ಪಾನಕದ ಬಾಟ್ಲಿ, ಅದೇ ಕುಲದ ಇನ್ನೊಂದು ಹುಳಿಹಣ್ಣು ಉಪ್ಪಾಗೆಯ ಸಿಪ್ಪೆ, ಎರಡರ ಬೀಜದಿಂದ ತೆಗೆದ ಗಟ್ಟಿ ಜಿಡ್ಡಾದ ತುಪ್ಪ, ಇತ್ತೀಚೆಗೆ ಈ ಕುಲದ ಹೆಸರಾದ ಗಾರ್ಸಿನಿಯಾ ಎಂದು ಬರೆದ ಕ್ಯಾಪ್ಸೂಲು ಕೂಡ. ಲೇಬಲ್ ಓದಿದರೆ ಎಲ್ಲವೂ ಸಹಜ, ಎಲ್ಲವೂ ಕಾಡಿನಿಂದ ನೇರ. ಒಳಗಿನ ಮಾಲು ಮಾತ್ರ ಒಂದೇ ಗುಣದ್ದಲ್ಲ. ಬ್ರಾಂಡಿಗಿಷ್ಟು ಎಂದು ಅಂಕ ಹಾಕುವುದರಲ್ಲಿ ಅರ್ಥವಿಲ್ಲ. ಈ ವರ್ಷ ಚೆನ್ನಾಗಿದ್ದ ಪ್ಯಾಕೆಟ್ಟು ಮುಂದಿನ ವರ್ಷ ಹಾಗೇ ಇರುತ್ತದೆಂಬ ಭರವಸೆ ಇಲ್ಲ. ಕೊಯ್ಯುವ ಕೈ ಬೇರೆ, ಮಳೆ ಹಿಡಿಯುವ ದಿನ ಬೇರೆ. ಹಾಗಾಗಿ ಇಲ್ಲಿ ಬಗೆಬಗೆಯ ಸರಕಿನ ಗುಣ, ಅದನ್ನು ಕೈಯಲ್ಲಿ ಹಿಡಿದು ಗುರುತಿಸುವ ಬಗೆ, ಯಾವುದನ್ನು ಕೊಳ್ಳಬಹುದು, ಯಾವುದನ್ನು ಅಂಗಡಿಯಲ್ಲೇ ಬಿಟ್ಟು ಬರಬೇಕು ಎಂಬುದಿದೆ.

ಅಳತೆಗೋಲು ಎರಡು. ಹಣ್ಣು ಬಲಿತಿತ್ತೇ? ಬೀಜ ಎಲ್ಲಿ ಹೋಯಿತು? ಮೊದಲನೆಯದಕ್ಕೆ ಉತ್ತರ ಸರಕಿನಲ್ಲೇ ಸಿಗುತ್ತದೆ. ಎರಡನೆಯದನ್ನು ಬಾಯಿಬಿಟ್ಟು ಕೇಳಬೇಕು.

ಕೇಳಲು ಕಾರಣವಿದೆ. ಮುರುಗಲು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯದ ಮರ. ಜಾಗತಿಕ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಒಳಗಾಗಬಹುದಾದ ಜಾತಿಗಳ ಸಾಲಿನಲ್ಲಿದೆ. ಮುರುಗಲು, ಉಪ್ಪಾಗೆ ಎರಡರಲ್ಲೂ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಅಂದರೆ ಕಾನಿನಲ್ಲಿ (ದಟ್ಟ ಕಾಡಿನಲ್ಲಿ) ನೂರು ಮರ ಕಂಡರೂ ಕಾಯಿ ಬಿಡುವುದು ಅದರಲ್ಲೊಂದು ಪಾಲು ಮಾತ್ರ, ಮುಂದಿನ ತಲೆಮಾರಿನ ಸಸಿಯೆಲ್ಲ ಆ ಪಾಲಿನ ಬೀಜದಿಂದಲೇ ಏಳಬೇಕು. ಕಾಯಿರುವಾಗಲೇ ಕೊಂಬೆ ಸಮೇತ ಕಡಿದು ಕೆಡವಿದರೆ ಆ ವರ್ಷದ ಬೀಜವೂ ಹೋಯಿತು, ಮುಂದಿನ ನಾಲ್ಕಾರು ವರ್ಷದ ಫಸಲೂ ಹೋಯಿತು. ಕಡಿಸಿಕೊಳ್ಳುವುದು ಹೆಣ್ಣುಮರವೇ. ಗಂಡುಮರಕ್ಕೆ ಯಾರೂ ಕತ್ತಿ ಹಚ್ಚುವುದಿಲ್ಲ.

ಮುರುಗಲ ಒಣಸಿಪ್ಪೆ

ಇಷ್ಟೂ ಸರಕಿನಲ್ಲಿ ಕಣ್ಣುಮುಚ್ಚಿ ಶಿಫಾರಸು ಮಾಡಬಹುದಾದದ್ದು ಇದೇ, ಒಳ್ಳೆಯದು ಸಿಕ್ಕಿದರೆ. ಒಂದು ಸಿಪ್ಪೆ ಎತ್ತಿಕೊಂಡು ಬೆಳಕಿಗೆ ಹಿಡಿಯಿರಿ. ಬಲಿತ ಹಣ್ಣಿನದಾದರೆ ಬಣ್ಣ ಕಪ್ಪಿಗೆ ತಿರುಗಿದ ನೇರಳೆಗೆಂಪು, ಅಂಚಿನಲ್ಲಿ ಮಾತ್ರ ಕೆಂಪು ಹೊಳಪು. ಒಳಮೈಯಲ್ಲಿ ತೊಳೆಗಳು ಅಂಟಿಕೊಂಡಿದ್ದ ಗೆರೆ ಸಣ್ಣಗೆ ಕಾಣುತ್ತದೆ. ಬಗ್ಗಿಸಿದರೆ ಚರ್ಮದ ಹಾಗೆ ಬಗ್ಗುತ್ತದೆ, ಪಟ್ಟನೆ ಮುರಿಯುವುದಿಲ್ಲ, ಬೆರಳಿಗೆ ನೀರೂ ಹತ್ತುವುದಿಲ್ಲ. ಎಳೆಗಾಯಿಯ ಸಿಪ್ಪೆ ತೆಳ್ಳಗೆ, ಕಂದು, ಅಲ್ಲಲ್ಲಿ ಹಸಿರು ಛಾಯೆ. ನೆನೆಹಾಕಿದರೆ ನೀರು ಮಬ್ಬು ಕಂದಾಗುತ್ತದೆಯೇ ಹೊರತು ಕೆಂಪಾಗುವುದಿಲ್ಲ. ಹುಳಿ ಚುರ್ರೆನ್ನುತ್ತದೆ, ಹಿಂದೆ ಒಗರು ಉಳಿಯುತ್ತದೆ. ಒಂದು ಎಚ್ಚರ: ಬಿಳಿ ಮುರುಗಲು ಎಂಬ ಬೇರೆ ಬಗೆಯಿದೆ, ಹಣ್ಣಾದಾಗಲೂ ಹಳದಿಯೇ. ಅದರ ಸಿಪ್ಪೆ ಮಾಸಲು ಹಳದಿ. ಅದನ್ನು ಎಳೆಗಾಯಿಯೆಂದು ತಳ್ಳಬೇಡಿ, ತಂಬುಳಿಗೆ ಅದನ್ನೇ ಹುಡುಕುವವರಿದ್ದಾರೆ.

ಮನೆಪರೀಕ್ಷೆ ಸುಲಭ. ಲೋಟ ಬಿಸಿನೀರಿಗೆ ನಾಲ್ಕು ಸಿಪ್ಪೆ ಹಾಕಿ ಅರ್ಧ ತಾಸು ಬಿಡಿ. ಒಳ್ಳೆಯ ಸಿಪ್ಪೆ ನೀರನ್ನು ಗಾಢ ಕೆಂಪು ಮಾಡಿಯೂ ತಾನು ಬಣ್ಣ ಉಳಿಸಿಕೊಳ್ಳುತ್ತದೆ, ಎರಡನೇ ನೀರಿಗೂ ಬರುತ್ತದೆ. ಲೋಟದ ತಳದಲ್ಲಿ ಮರಳು ಕೂತರೆ ಅಂಗಳದ ನೆಲದ ಮೇಲೆ ಹರವಿ ಒಣಗಿಸಿದ್ದು. ನೀರಿಗೆ ಹೊಗೆ ವಾಸನೆ ಬಂದರೆ ಬಿಸಿಲು ಸಿಗದೆ ಅಟ್ಟದ ಮೇಲೆ ಒಣಗಿದ್ದು; ಸಾರಿಗೆ ನಡೆಯುತ್ತದೆ, ಪಾನಕಕ್ಕೆ ಆಗದು.

ಹೊಗೆಯ ಮಾತು ಬಂದದ್ದರಿಂದ ಕರಾವಳಿ, ಘಟ್ಟದ ವ್ಯತ್ಯಾಸ ಹೇಳಲೇಬೇಕು. ಕೆಳಗೆ ಕುಮಟಾ, ಅಂಕೋಲಾ ಕಡೆ ಹಣ್ಣು ಏಪ್ರಿಲ್, ಮೇ ತಿಂಗಳಲ್ಲೇ ಬರುತ್ತದೆ, ಒಣಗಲು ಬಿಸಿಲು ಧಾರಾಳ. ಶಿರಸಿ, ಸಿದ್ದಾಪುರದ ಬೆಟ್ಟಗಳಲ್ಲಿ ತಡ. ಹಣ್ಣು ಪೂರ್ತಿ ಆಗುವ ಹೊತ್ತಿಗೆ ಮಳೆ ತಲೆಯ ಮೇಲೆ ಬಂದಿರುತ್ತದೆ. ಅರೆ ಒಣಗಿದ ಸಿಪ್ಪೆಯನ್ನು ಗೋಣಿಚೀಲಕ್ಕೆ ತುಂಬಿ ಇಟ್ಟರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಮಳೆಗೆ ಹೆದರಿ ಬೇಗ ಕೊಯ್ಯುವುದೂ ಇಲ್ಲೇ ಹೆಚ್ಚು. ಹೀಗಾಗಿ ಒಣಸಿಪ್ಪೆಯ ಮಟ್ಟಿಗೆ ಕರಾವಳಿಯ ಸರಕು ಸಾಮಾನ್ಯವಾಗಿ ಒಂದು ಕೈ ಮೇಲು. ಘಟ್ಟದ ಮೇಲಿನವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ, ಆದರೆ ಅಕ್ಕಪಕ್ಕ ಇಟ್ಟು ನೆನೆಹಾಕಿ ನೋಡಿದರೆ ಲೋಟವೇ ಹೇಳುತ್ತದೆ. ಘಟ್ಟದ ಮೇಲೂ ಡ್ರೈಯರ್ ಇಟ್ಟುಕೊಂಡ ಮನೆಗಳ ಸಿಪ್ಪೆ ಇದಕ್ಕೆ ಸರಿಸಾಟಿ.

ಉಪ್ಪಿನ ವಿಷಯ. ನಮ್ಮಲ್ಲಿ ಹೆಚ್ಚಾಗಿ ಉಪ್ಪು ಹಾಕದೆ ಒಣಗಿಸುತ್ತಾರೆ. ಗೋವಾ, ಕೊಂಕಣದ ಪದ್ಧತಿಯಲ್ಲಿ ತಿರುಳಿನ ರಸಕ್ಕೆ ಉಪ್ಪು ಕಲಸಿ, ಸಿಪ್ಪೆಯನ್ನು ಅದರಲ್ಲಿ ಅದ್ದಿ ಒಣಗಿಸಿ, ಮತ್ತೆ ಅದ್ದಿ ಒಣಗಿಸಿ, ಹೀಗೆ ನಾಲ್ಕೈದು ಬಾರಿ ಮಾಡುತ್ತಾರೆ. ಕಾರವಾರದ ಅಂಗಡಿಗಳಲ್ಲಿ ಸೊಲಾಂ ಎಂದು ಸಿಗುವುದರಲ್ಲಿ ಈ ಬಗೆಯೇ ಜಾಸ್ತಿ. ತೆಂಗಿನಹಾಲು ಬೆರೆಸಿ ಮಾಡುವ ಸೋಲ್‌ಕಡಿಗೆ ಅದು ಸೊಗಸು. ಆದರೆ ಉಪ್ಪು ತೂಕ ಕೂಡಿಸುತ್ತದೆ, ಹಸಿಯನ್ನೂ ಮುಚ್ಚಿಡುತ್ತದೆ. ಸಿಪ್ಪೆಯ ಮೇಲೆ ಬಿಳುಪು ಕಂಡರೆ ಉಗುರಿನಲ್ಲಿ ಕೆರೆದು ನೋಡಿ. ಹರಳು ಹರಳಾಗಿದ್ದು ನಾಲಿಗೆಯ ಮೇಲೆ ಕರಗಿದರೆ ಉಪ್ಪು, ಎಳೆ ಎಳೆಯಾಗಿ ಹತ್ತಿಯಂತೆ ಬಂದರೆ ಬೂಷ್ಟು.

ಬೆಲೆ ಅಳೆಯಲು ಒಂದು ಲೆಕ್ಕ. ಒಂದು ಕೆಜಿ ಒಣಸಿಪ್ಪೆಗೆ ಸುಮಾರು 8ರಿಂದ 10 ಕೆಜಿ ಬಲಿತ ಹಣ್ಣು ಬೇಕು. ಆ ಹಂಗಾಮಿನ ಹಸಿಹಣ್ಣಿನ ದರ ಕೇಳಿ ಗುಣಿಸಿ. ಸಿಪ್ಪೆಯ ದರ ಅದಕ್ಕಿಂತ ತೀರ ಕೆಳಗಿದ್ದರೆ ಮೂರರಲ್ಲೊಂದು: ಉಪ್ಪು ಇದೆ, ಹಸಿ ಇದೆ, ಇಲ್ಲವೇ ಕೊಯ್ದವರಿಗೆ ಕೂಲಿ ಹುಟ್ಟಿಲ್ಲ. ಕೂಲಿ ಹುಟ್ಟದ ಕಡೆ ದೋಟಿ ಹಿಡಿದು ಒಂದೊಂದೇ ಹಣ್ಣು ಇಳಿಸುವವರು ಯಾರು? ಕೊಂಬೆಯೇ ಕೆಳಗೆ ಬರುತ್ತದೆ.

ಇನ್ನು ಬೀಜ. ಸಿಪ್ಪೆಗಾಗಿ ಹಣ್ಣು ಒಡೆಯುವಾಗ ಬೀಜ, ತಿರುಳು ಬೇರೆಯಾಗುತ್ತವೆ. ಮರದ ಬುಡದಲ್ಲೇ ಒಡೆದು ಸಿಪ್ಪೆ ಮಾತ್ರ ಮನೆಗೆ ತಂದರೆ ಬೀಜ ಕಾಡಿನಲ್ಲೇ ಉಳಿಯಿತು. ಮನೆಗೆ ತಂದು ಒಡೆದರೆ ಬೀಜ ತುಪ್ಪಕ್ಕೋ ಗೊಬ್ಬರಗುಂಡಿಗೋ ಹೋಗುತ್ತದೆ. ಅಂಗಡಿಯವರಿಗೆ ಇದು ಗೊತ್ತಿರುವುದು ಅಪರೂಪ. ‘ಹೆಗಡೇರೇ, ಇದು ಬೆಟ್ಟದ್ದಾ, ಕಾನಿಂದಾ?’ ಎಂದು ಕೇಳಿದರೆ ಮಾತ್ರ ಉತ್ತರ ಬರುತ್ತದೆ. ಬೆಟ್ಟವೆಂದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಸೊಪ್ಪಿನಬೆಟ್ಟ; ಅಲ್ಲಿನ ಮರಕ್ಕೆ ನೋಡಿಕೊಳ್ಳುವ ಮನೆಯೊಂದಿರುತ್ತದೆ, ಮುಂದಿನ ವರ್ಷವೂ ಅದೇ ಮರದ ಹಣ್ಣು ಬೇಕೆಂಬ ಲೆಕ್ಕ ಇರುತ್ತದೆ. ಎಲ್ಲರಿಗೂ ತೆರೆದ ಕಾನಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ನಾನು ಬಿಟ್ಟರೆ ಮತ್ತೊಬ್ಬ ಕೊಯ್ಯುತ್ತಾನೆ ಎಂದೇ ಕಾಯಿ ಎಳೆಯದಾಗಿರುವಾಗಲೇ ಮರ ಬೋಳಾಗುತ್ತದೆ. ಬೆಟ್ಟದ್ದೋ ತೋಟದ ಅಂಚಿನದೋ ಆದರೆ ಧೈರ್ಯವಾಗಿ ಕೊಳ್ಳಿ.

ಪಾನಕದ ಬಾಟ್ಲಿ

ಅತಿ ಹೆಚ್ಚು ಮಾರಾಟವಾಗುವುದು ಇದು, ಅತಿ ಹೆಚ್ಚು ಮೋಸವೂ ಇದರಲ್ಲೇ. ಸರಿಯಾದ ಕ್ರಮ ಹೀಗೆ: ಬಲಿತ ಹಣ್ಣು ತೊಳೆದು, ನೀರಾರಿಸಿ, ಒಡೆದು ಬೀಜ ತೆಗೆದು, ಒಂದು ಕೆಜಿ ಹಸಿ ಸಿಪ್ಪೆಗೆ ಎರಡು ಕೆಜಿ ಸಕ್ಕರೆಯನ್ನು ಪದರ ಪದರವಾಗಿ ಭರಣಿಗೆ ತುಂಬಬೇಕು. ಬಾಯಿಗೆ ಬಟ್ಟೆ ಕಟ್ಟಿ ವಾರ, ಹತ್ತು ದಿನ ಬಿಸಿಲಿಗಿಟ್ಟು, ದಿನಕ್ಕೊಮ್ಮೆ ಒಣ ಸೌಟಿನಲ್ಲಿ ಕಲಕಿದರೆ ಸಿಪ್ಪೆ ರಸ ಬಿಟ್ಟು ಸಕ್ಕರೆಯೆಲ್ಲ ಕರಗಿ ದಪ್ಪ ಪಾಕವಾಗುತ್ತದೆ. ಸೋಸಿ, ಬೇಕಾದರೆ ಜೀರಿಗೆ ಪುಡಿ, ಒಂದಿಷ್ಟು ಉಪ್ಪು. ನೀರು ಒಂದು ಹನಿಯೂ ಇಲ್ಲ, ಒಲೆಯೂ ಇಲ್ಲ. ಸಕ್ಕರೆ ಉಳಿಸಲು ಹೋಗಿ ಒಂದಕ್ಕೊಂದು ಹಾಕಿದರೆ, ಅಥವಾ ಸಿಪ್ಪೆಯಲ್ಲಿ ತೊಳೆದ ನೀರು ಉಳಿದರೆ, ಪಾಕ ಹುದುಗೆದ್ದು ಮುಚ್ಚಳ ಹಾರುತ್ತದೆ. ಬೇಗ ಆಗಲೆಂದು ಕುದಿಸಿದರೆ ಬಣ್ಣ ಕಂದಾಗಿ ಪರಿಮಳ ಸಾಯುತ್ತದೆ.

ಮುರುಗಲ ಕೆಂಪು ಬೆಳಕಿಗೂ ಬಿಸಿಗೂ ತಡೆಯುವ ಬಣ್ಣವಲ್ಲ. ಅಂಗಡಿಯ ಕಿಟಕಿಯಲ್ಲಿ ಬಿಸಿಲು ಕಾಯುತ್ತ ನಿಂತ ಬಾಟ್ಲಿ ಕೆಲವೇ ತಿಂಗಳಲ್ಲಿ ಇಟ್ಟಿಗೆ ಬಣ್ಣಕ್ಕೆ ಇಳಿಯಬೇಕು. ವರ್ಷ ಕಳೆದರೂ ಗುಲಾಬಿ ಶರಬತ್ತಿನ ಹಾಗೆ ಫಳಫಳ ಎನ್ನುತ್ತಿದ್ದರೆ ಅದು ಬಾಟ್ಲಿಯ ಹೆಚ್ಚುಗಾರಿಕೆಯಲ್ಲ. ಲೇಬಲ್ಲಿನ ಹಿಂಭಾಗದಲ್ಲಿ ಐಎನ್‌ಎಸ್ 122 ಅಥವಾ 124 ಎಂಬ ಸಂಖ್ಯೆ ಇದ್ದರೆ ಕೃತಕ ಕೆಂಪು. ಐಎನ್‌ಎಸ್ 211 ಎಂದಿದ್ದರೆ ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕ. ದೊಡ್ಡ ಪ್ರಮಾಣದಲ್ಲಿ ಮಾಡುವವರು ಹಾಕುತ್ತಾರೆ, ಮಿತಿಯೊಳಗಿದ್ದರೆ ತಕರಾರಿಲ್ಲ. ಗಂಧಕದ ಜಾತಿಯ ಸಂರಕ್ಷಕ ಈ ಕೆಂಪನ್ನು ತೊಳೆದುಹಾಕುವುದರಿಂದಲೇ ಇದನ್ನು ಆರಿಸಿಕೊಳ್ಳುವುದು.

ಲೇಬಲ್ ನಂಬಿಕೆ ಬರದಿದ್ದರೆ ಅಡುಗೆ ಸೋಡ ಇದೆ. ಒಂದು ಚಮಚ ಪಾನಕಕ್ಕೆ ಅರ್ಧ ಲೋಟ ನೀರು ಬೆರೆಸಿ, ಸೋಡ ಸ್ವಲ್ಪ ಸ್ವಲ್ಪವೇ ಹಾಕುತ್ತ ಕಲಕಿ. ಮೊದಲು ನೊರೆ ಬರುತ್ತದೆ, ಅದು ಹುಳಿ ತೀರುತ್ತಿರುವ ಗುರುತು. ಚಿಟಿಕೆ ಹಾಕಿ ಬಣ್ಣ ಬದಲಾಗಲಿಲ್ಲವೆಂದು ತೀರ್ಮಾನ ಕೊಡಬೇಡಿ. ನೊರೆ ನಿಲ್ಲುವವರೆಗೆ ಹಾಕಬೇಕು. ಮುರುಗಲ ಸ್ವಂತ ಬಣ್ಣವಾದರೆ ಕೆಂಪು ಹೋಗಿ ನೇರಳೆ, ನೀಲಿ, ಕೊನೆಗೆ ಕೊಳಕು ಹಸಿರಿನತ್ತ ತಿರುಗುತ್ತದೆ. ಕೂಡಲೇ ನಿಂಬೆಹುಳಿ ಹಿಂಡಿದರೆ ಕೆಂಪು ಮರಳುತ್ತದೆ. ಕೃತಕ ಬಣ್ಣ ಜಗ್ಗುವುದಿಲ್ಲ, ಬೀಟ್‌ರೂಟ್ ಬೆರೆಸಿದ್ದೂ ಕೆಂಪಾಗಿಯೇ ಇರುತ್ತದೆ. ಮುರುಗಲ ಬಣ್ಣಕ್ಕೆ ಇಂಥ ಹೊರಬಣ್ಣ ಬೆರೆತಿದ್ದರೆ ಬಣ್ಣ ಮಂಕಾಗುತ್ತದೆಯೇ ಹೊರತು ಪೂರ್ತಿ ತಿರುಗುವುದಿಲ್ಲ.

ಇನ್ನೊಂದು ಸೂಚನೆ ನೀರಿನ ಪ್ರಮಾಣ. ಒಳ್ಳೆಯ ಪಾಕ ಒಂದು ಪಾಲಿಗೆ ಐದಾರು ಪಾಲು ನೀರು ತಡೆಯುತ್ತದೆ. ಮೂರು ಪಾಲಿಗೇ ಸಪ್ಪೆಯೆನಿಸಿದರೆ ಅದು ಸಕ್ಕರೆ ನೀರಿಗೆ ಹುಳಿ ಸೇರಿಸಿದ್ದು. ಹುಳಿ ಸಿಟ್ರಿಕ್ ಆಮ್ಲದ್ದಾದರೆ ನಾಲಿಗೆಯ ತುದಿಗೆ ಹೊಡೆದು ಅಲ್ಲೇ ಮುಗಿಯುತ್ತದೆ. ಮುರುಗಲ ಹುಳಿ ಗಂಟಲವರೆಗೆ ಇಳಿಯುತ್ತದೆ, ಸಣ್ಣ ಒಗರೂ ಇರುತ್ತದೆ. ಒಟ್ಟಿನಲ್ಲಿ ಬಾಟ್ಲಿಗಿಂತ ಸಿಪ್ಪೆ ಕೊಂಡು ಮನೆಯಲ್ಲಿ ಪಾನಕ ಮಾಡುವುದು ಲಾಭ. ಹಂಗಾಮಿನಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಪೇಟೆಗೆ ತರುವ ಹಸಿಹಣ್ಣೇ ಸಿಕ್ಕಿದರೆ ಇನ್ನೂ ಲೇಸು, ದುಡ್ಡು ನೇರ ಕೊಯ್ದವರ ಸೆರಗಿಗೆ ಹೋಗುತ್ತದೆ.

ಉಪ್ಪಾಗೆ ಸಿಪ್ಪೆ

ಇಲ್ಲಿ ಸ್ವಲ್ಪ ಬಿಗಿಯಾಗಿ ಮಾತಾಡಬೇಕಾಗುತ್ತದೆ. ಉಪ್ಪಾಗೆ ನಮ್ಮ ಅಡುಗೆಮನೆಗೆ ಬೇಕಾಗುವುದು ಅಷ್ಟಿಷ್ಟೇ. ಕೇರಳದವರ ಕುಡಂಪುಳಿ ಇದೇ ಮರದ್ದು, ಶ್ರೀಲಂಕಾದ ಗೊರಕವೂ ಇದೇ. 1990ರ ದಶಕದಲ್ಲಿ ಇದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಇಳಿಸುತ್ತದೆಂದು ಹೊರದೇಶದಿಂದ ಬೇಡಿಕೆ ಬಂದಾಗ ದರ ಏರಿತು, ಅಲ್ಲಿಂದ ಕಾಯಿ ಬಲಿಯುವುದಕ್ಕೆ ಕಾಯುವ ತಾಳ್ಮೆ ಹೋಯಿತು. ಹಣ್ಣಾಗುವ ಕಾಲವೂ ಅನುಕೂಲದ್ದಲ್ಲ: ಜೂನ್‌ನಿಂದ ಆಗಸ್ಟ್, ಸುರಿಮಳೆ. ಜಾರುವ ಮರ ಹತ್ತುವುದಕ್ಕಿಂತ ಕೊಂಬೆ ಕಡಿಯುವುದು ಸುಲಭ. ಕೆಳಗೆ ಬಿದ್ದ ಹಣ್ಣಿಗೆ ಕಾದರೆ ಸಿಂಗಳೀಕ, ಮಂಗ, ಬೇರೆ ಪ್ರಾಣಿಗಳ ಪಾಲು ಹೋಗಿ ಉಳಿದದ್ದು ಸಿಗುತ್ತದೆ. ಆ ಪ್ರಾಣಿಗಳೇ ಬೀಜ ಹರಡುವವರು ಎಂಬುದನ್ನು ದರದ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. ಅಘನಾಶಿನಿ ಕಣಿವೆಯನ್ನು 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲೆಂದು ಘೋಷಿಸಿದ ಮೇಲೂ ಉಪ್ಪಾಗೆ ಮರದ ಕೆಳಗೆ ಮನುಷ್ಯನದೂ ಮಂಗನದೂ ಪೈಪೋಟಿ ಇದ್ದದ್ದೇ.

ಒಣಗಿಸುವ ಬಗೆ ಎರಡನೇ ಪೆಟ್ಟು. ಹಣ್ಣನ್ನು ಅದರ ಏಣುಗಳ ಗೆರೆ ಹಿಡಿದು ಸೀಳಿ, ಬೀಜ ತೆಗೆದು, ಬಿದಿರ ತಟ್ಟಿಯ ಮೇಲೆ ಹರವಿ, ಕೆಳಗೆ ಹಗಲೂ ರಾತ್ರಿ ಬೆಂಕಿ. ತೆರೆದ ಒಲೆಯಲ್ಲಿ ಒಣಸಿಪ್ಪೆಯ ತೂಕಕ್ಕಿಂತ ಹಲವು ಪಟ್ಟು ಸೌದೆ ಉರಿದುಹೋಗುತ್ತದೆ. ಅದೂ ಮಳೆಗಾಲದ ಹಸಿ ಸೌದೆ, ಶಾಖಕ್ಕಿಂತ ಹೊಗೆ ಹೆಚ್ಚು. ಒಂದು ಮರದ ಹಣ್ಣು ಒಣಗಿಸಲು ಇನ್ನೊಂದು ಮರ ಬೂದಿ. ಸುತ್ತ ಗೋಡೆ ಕಟ್ಟಿ, ಹೊಗೆ ಕೊಳವೆಯಿಂದ ಹೊರಹೋಗಿ ಬಿಸಿಗಾಳಿ ಮಾತ್ರ ತಟ್ಟಿಗೆ ತಾಗುವಂಥ ಸುಧಾರಿತ ಒಲೆಯಲ್ಲಿ ಸೌದೆ ಕಡಿಮೆ ಸಾಕು, ಒಳಗೆ ದುಡಿಯುವ ಹೆಂಗಸರ ಕಣ್ಣೂ ಉಳಿಯುತ್ತದೆ.

ಯಾವ ಒಲೆಯದು ಎಂದು ಸಿಪ್ಪೆಯೇ ಹೇಳುತ್ತದೆ. ಮುಚ್ಚಿದ ಒಲೆಯ ಸಿಪ್ಪೆ ಗಾಢ ಕಂದು, ಹಿಡಿದರೆ ಕೈಗೆ ಮಸಿ ಹತ್ತದು, ವಾಸನೆ ಹಣ್ಣಿನದು. ತೆರೆದ ಒಲೆಯದು ಇದ್ದಿಲ ಕಪ್ಪು, ಬೆರಳಿಗೆ ಜಿಗುಟು ಮಸಿ, ಚೀಲ ಬಿಚ್ಚಿದರೆ ಡಾಂಬರಿನ ಘಾಟು. ಮೀನುಸಾರಿಗೆ ಸಣ್ಣ ಹೊಗೆ ಬೇಕೆನ್ನುವವರಿದ್ದಾರೆ, ಸರಿ, ಆದರೆ ಘಾಟು ಬೇರೆ, ಪರಿಮಳ ಬೇರೆ. ಬಲಿತದ್ದನ್ನು ಗುರುತಿಸಲು ದಪ್ಪ ನೋಡಿ: ಬಲಿತ ಹಣ್ಣಿನ ಸೀಳು ಒಣಗಿದ ಮೇಲೂ ತೊಗಟೆಯಂತೆ ದಪ್ಪ, ನೆನೆದಾಗ ಉಬ್ಬಿ ಮೆತ್ತಗಾಗುತ್ತದೆ. ಎಳೆಗಾಯಿಯದು ಸುರುಟಿ ಕಡ್ಡಿಯಾಗಿರುತ್ತದೆ, ಎಷ್ಟು ನೆನೆಸಿದರೂ ನಾರು. ಚೂರು ಚೂರಾಗಿ ಕತ್ತರಿಸಿದ ಪ್ಯಾಕೆಟ್ ಬೇಡ, ಅದರಲ್ಲಿ ಎಳೆಯದು ಬೆರೆತರೆ ಗೊತ್ತಾಗುವುದಿಲ್ಲ. ಸೀಳು ಇಡಿಯಾಗಿರಲಿ.

ಕೊಳ್ಳುವುದಿದ್ದರೆ ಮಳೆಗಾಲ ಮುಗಿದ ಮೇಲೆ ಕೊಳ್ಳಿ. ಜುಲೈ ಮೊದಲ ವಾರಕ್ಕೇ ‘ಹೊಸ ಮಾಲು’ ಬಂದಿದೆ ಎಂದರೆ ಅದು ಹೆಚ್ಚಾಗಿ ಎಳೆಗಾಯಿ, ಇಲ್ಲವೇ ಹೋದ ವರ್ಷದ್ದು.

ಕ್ಯಾಪ್ಸೂಲು

ಬೇಡ. ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ನಡೆಸಿ 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 1500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತಿಂದವರಿಗೂ ಖಾಲಿ ಗುಳಿಗೆ ತಿಂದವರಿಗೂ ತೂಕ ಇಳಿಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಂಥ ಗುಳಿಗೆ ತಿಂದ ಕೆಲವರಿಗೆ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ವೈದ್ಯಕೀಯ ದಾಖಲೆಯಲ್ಲಿವೆ. ಸಾರಿಗೆ ಎರಡು ಸೀಳು ಹಾಕುವುದು ಬೇರೆ ಮಾತು.

ತುಪ್ಪ: ಮುರುಗಲದ್ದು, ಉಪ್ಪಾಗೆಯದ್ದು

ತುಪ್ಪದ ಒಂದು ಗುಣ ಬೇರೆ ಯಾವ ಸರಕಿಗೂ ಇಲ್ಲ: ಎಳೆಗಾಯಿಯಿಂದ ಅದನ್ನು ಮಾಡಲಾಗುವುದಿಲ್ಲ. ಬೀಜ ತುಂಬಿ ಬಲಿತರೇ ಜಿಡ್ಡು. ಹಾಗಾಗಿ ತುಪ್ಪಕ್ಕೆ ಬೆಲೆ ಬಂದ ಕಡೆ ಹಣ್ಣಿಗೆ ಕಾಯುವ ಅಭ್ಯಾಸ ತಾನಾಗಿ ಬರುತ್ತದೆ. ಆದರೆ ತುಪ್ಪ ತಿನ್ನುವುದು ಬೀಜವನ್ನೇ. ಸಿಪ್ಪೆಗೆ ಸಲ್ಲುವ ‘ಬೀಜ ಕಾಡಿನಲ್ಲೇ ಬಿಟ್ಟೆವು’ ಎಂಬ ಮಾತು ಇಲ್ಲಿ ಹೇಳುವಂತಿಲ್ಲ. ಇವೆರಡನ್ನೂ ತೂಗಿದರೆ ತೋಟ, ಬೆಟ್ಟದ ಮರದ ತುಪ್ಪ ಸರಿ; ಕಾನಿನ ನೆಲದಿಂದ ಬೀಜ ಗುಡಿಸಿ ತಂದು ಮಾಡಿದ ತುಪ್ಪ ಎಷ್ಟೇ ಶುದ್ಧವಿರಲಿ, ದಕ್ಕುವ ಸರಕಲ್ಲ.

ಮಾಡುವ ಕ್ರಮ ಹಳೆಯದೇ. ಬೀಜದ ತಿರುಳು ತೊಳೆದು, ಗಡಗಡ ಎನ್ನುವಷ್ಟು ಒಣಗಿಸಿ, ಚಿಪ್ಪು ಒಡೆದು, ಬೇಳೆ ಕುಟ್ಟಿ, ಹಂಡೆ ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ರಾತ್ರಿ ಆರಿ ಹೆಪ್ಪಾದದ್ದನ್ನು ಬೆಳಿಗ್ಗೆ ತೆಗೆದು, ಮತ್ತೊಮ್ಮೆ ಕಾಯಿಸಿ ನೀರಿನಂಶ ಹೋಗಲಾಡಿಸಬೇಕು. ಮುರುಗಲ ಬೀಜದಲ್ಲಿ ಜಿಡ್ಡು ಸುಮಾರು ನಾಲ್ಕನೇ ಒಂದು ಪಾಲು, ಮನೆ ಪದ್ಧತಿಯಲ್ಲಿ ಅಷ್ಟೂ ಕೈಗೆ ಸಿಗುವುದಿಲ್ಲ. ಕೆಡುವುದು ಎರಡು ಕಡೆ: ಹಸಿ ಬೀಜ ರಾಶಿ ಹಾಕಿಟ್ಟಾಗ ಬೂಷ್ಟು ಹತ್ತಿ ಕಮಟು ವಾಸನೆ, ಕೊನೆಯಲ್ಲಿ ನೀರು ಉಳಿದಾಗ ತಿಂಗಳೊಳಗೆ ಹುಳಿಯುವಿಕೆ.

ಕೊಳ್ಳುವಾಗ ಮುರುಗಲ ತುಪ್ಪದ ಉಂಡೆಯನ್ನು ಬೆರಳಲ್ಲಿ ಹಿಡಿಯಿರಿ. ಅದು ಕರಗುವುದು 38ರಿಂದ 42 ಡಿಗ್ರಿಯ ನಡುವೆ, ಆದ್ದರಿಂದ ಅಂಗೈ ಶಾಖಕ್ಕೆ ಮೇಲ್ಮೈ ಸ್ವಲ್ಪ ಮೆತ್ತಗಾಗಬೇಕಷ್ಟೆ. ಹಿಡಿದ ಕೂಡಲೇ ಜಿಡ್ಡು ಬಿಟ್ಟು ಜಾರಿದರೆ ಕೊಬ್ಬರಿ ಎಣ್ಣೆಯೋ ಮತ್ತೊಂದೋ ಬೆರೆತಿದೆ. ಉಗುರು ಹಾಕಿದರೆ ಶುದ್ಧದ್ದು ಪುಡಿಯಾಗುತ್ತದೆ. ಬಣ್ಣ ಮಾಸಲು ಬಿಳಿ ಇಲ್ಲವೇ ತಿಳಿಹಳದಿ. ಹಾಲಿನಂಥ ಬಿಳಿ, ವಾಸನೆಯೇ ಇಲ್ಲದ ಗಟ್ಟಿ ಬ್ಲಾಕು ಕಾರ್ಖಾನೆಯ ಶುದ್ಧೀಕರಿಸಿದ ಸರಕು. ಒಡೆದ ಹಿಮ್ಮಡಿಗೆ, ತುಟಿಗೆ ಅದೂ ಆದೀತು. ಉಪ್ಪಾಗೆ ತುಪ್ಪ ಇಷ್ಟು ಗಟ್ಟಿಯಲ್ಲ. ಸಿದ್ದಾಪುರ, ಶಿರಸಿಯ ಹಳೆಯ ಮನೆಗಳಲ್ಲಿ ದೋಸೆಗೆ ಹಚ್ಚುವುದು ಇದನ್ನೇ, ಸಣ್ಣ ಹುಳಿ ವಾಸನೆ ಅದರ ಸ್ವಂತದ್ದು. ತಿನ್ನಲು ಕೊಳ್ಳುವವರು ಆಹಾರ ಪರವಾನಗಿ ಸಂಖ್ಯೆ ಇರುವ ಡಬ್ಬಿಯನ್ನೋ, ಮಾಡಿದ ಮನೆ ಗೊತ್ತಿರುವುದನ್ನೋ ಕೊಳ್ಳಲಿ. ಸೌಂದರ್ಯವರ್ಧಕವೆಂದು ಬರೆದ ಡಬ್ಬಿಯನ್ನು ದೋಸೆಯ ಮೇಲೆ ಸುರಿಯಬೇಡಿ.

ಪಕ್ಕದ ಸಾಲಿನಲ್ಲಿರುವವು

ಹಲಸಿನ ಜಾತಿಯ ವಾಟೆಮರದ ಹುಳಿ, ವಾಟೆಹುಳಿ ಪುಡಿ, ಎಳೆಗಾಯಿಯದೇ, ಅದರ ಪದ್ಧತಿಯೇ ಹಾಗೆ, ಇಲ್ಲಿ ಮೊದಲ ಪ್ರಶ್ನೆ ಅನ್ವಯಿಸುವುದಿಲ್ಲ. ಪುಡಿಗಿಂತ ಒಣಹೋಳು ಕೊಂಡು ಮನೆಯಲ್ಲಿ ಕುಟ್ಟಿಕೊಳ್ಳಿ. ಕಾರವಾರದ ಬಂಗಡೆ ಸಾರಿನ ತಿರಫಳ, ಅಂದರೆ ಜುಮ್ಮನಕಾಯಿ, ಮೈತುಂಬ ಮುಳ್ಳಿನ ಮರದ್ದು. ಹತ್ತಲಾಗದೆ ಕೊಂಬೆ ಕಡಿಯುವುದು ಇದಕ್ಕೂ ತಪ್ಪಿಲ್ಲ. ಬಾಯಿಬಿಟ್ಟ ಸಿಪ್ಪೆ ಹೆಚ್ಚಿದ್ದರೆ ಬಲಿತದ್ದು, ಮುಚ್ಚಿದ ಹಸಿರುಗಾಯಿಯೇ ಹೆಚ್ಚಿದ್ದರೆ ಅವಸರದ್ದು. ಒಳಗಿನ ಕರಿಬೀಜಕ್ಕೆ ರುಚಿಯಿಲ್ಲ, ತೂಕ ಮಾತ್ರ. ಕಾಡು ಜಾಯಿಕಾಯಿಯ ಪತ್ರೆಯಾದ ರಾಂಪತ್ರೆಯನ್ನು ನಾವು ಶಿಫಾರಸು ಮಾಡುವುದಿಲ್ಲ. ಮರವೇ ಅಪಾಯದ ಪಟ್ಟಿಯಲ್ಲಿದೆ, ಹಣ್ಣು ತಾನಾಗಿ ಬಿರಿಯುವ ಮೊದಲೇ ಬಡಿದು ಬೀಳಿಸುವುದು ಸಾಮಾನ್ಯ, ಮಂಗಟ್ಟೆ ಹಕ್ಕಿಯ ಬಾಯಿಂದ ಕಿತ್ತುಕೊಂಡ ತುತ್ತು ಅದು. ಅಡುಗೆಗೆ ತೋಟದ ಜಾಯಿಪತ್ರೆ ಇದೆಯಲ್ಲ.

ಕಸಿಗಿಡ

ಮನೆಹಿತ್ತಿಲಿನಲ್ಲಿ ಎರಡು ಮರವಿದ್ದರೆ ಕಾನಿಗೆ ಹೋಗುವ ಪ್ರಮೇಯವಿಲ್ಲ, ಆದ್ದರಿಂದ ನರ್ಸರಿಯ ಗಿಡವನ್ನೂ ಈ ವಿಮರ್ಶೆಗೆ ಸೇರಿಸಿದ್ದೇವೆ. ಬೀಜದಿಂದ ಬೆಳೆಸಿದ ಮುರುಗಲ ಸಸಿ ಅಗ್ಗ, ಆದರೆ ಹೆಚ್ಚುಕಡಿಮೆ ಅರ್ಧ ಗಂಡಾಗುತ್ತದೆ, ಅದೂ ಗೊತ್ತಾಗುವುದು ಏಳೆಂಟು ವರ್ಷ ಕಳೆದು ಹೂವು ಬಂದಾಗ. ಹೆಣ್ಣುಮರದ ಕುಡಿಯಿಂದ ಕಟ್ಟಿದ ಕಸಿಗಿಡ ನಾಲ್ಕೈದು ವರ್ಷಕ್ಕೇ ಕಾಯಿ ಹಿಡಿಯುತ್ತದೆ. ಮಹಾರಾಷ್ಟ್ರದ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ಕೊಂಕಣ ಅಮೃತ, ಕೊಂಕಣ ಹಾತಿಸ್ ತಳಿಗಳು ಇಲ್ಲಿಯೂ ಹೆಸರಾಗಿವೆ. ಊರಿನ ಒಳ್ಳೆಯ ಮರದ ಕುಡಿಯಿಂದಲೇ ಕಟ್ಟಿದ್ದು ಸಿಕ್ಕರೆ ನಮ್ಮ ಮತ ಅದಕ್ಕೆ. ಎಲ್ಲ ಹಿತ್ತಿಲಲ್ಲೂ ಒಂದೇ ತಳಿ ತುಂಬಿದರೆ ಬೆಟ್ಟಕ್ಕೊಂದು ರುಚಿ ಇದ್ದದ್ದು ಹೋಗುತ್ತದೆ.

ಗಿಡ ಎತ್ತುವ ಮೊದಲು ಕಸಿಯ ಗಂಟಿನ ಮೇಲಿನ ಚಿಗುರು ನೋಡಿ. ನೆಟ್ಟಗೆ ಮೇಲೇಳುವ ಕುಡಿಯಿಂದ ಕಟ್ಟಿದ್ದರೆ ಗಿಡ ಮರದ ಆಕಾರ ಪಡೆಯುತ್ತದೆ. ಪಕ್ಕದ ರೆಂಬೆಯ ಕುಡಿಯಿಂದ ಕಟ್ಟಿದ್ದು ಜೀವಮಾನವಿಡೀ ಅಡ್ಡಕ್ಕೇ ಹಬ್ಬುತ್ತದೆ, ಕೋಲು ಕೊಟ್ಟರೂ ಏಳದು. ನರ್ಸರಿಯವರಿಗೆ ಅಡ್ಡಕುಡಿ ಸುಲಭವಾಗಿ ಸಿಗುವುದರಿಂದ ಇಂಥ ಗಿಡಗಳೇ ಹೆಚ್ಚಿರುತ್ತವೆ. ಗಂಟಿಗೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಇದ್ದರೆ ನೆಡುವ ಮೊದಲು ಬಿಚ್ಚಿ, ಗಂಟಿನ ಕೆಳಗಿನ ಚಿಗುರನ್ನು ಆಗಾಗ ಚಿವುಟಿ. ಸುತ್ತ ಕಾಡಿನ ಮುರುಗಲು ಇಲ್ಲದ ಜಾಗದಲ್ಲಿ ಹತ್ತು ಹೆಣ್ಣಿಗೆ ಒಂದಾದರೂ ಗಂಡುಗಿಡ ಇರಲಿ. ಹಾಗಾಗಿ ಒಂದೆರಡು ಬೀಜದ ಸಸಿ ಕೊಂಡದ್ದು ದಂಡವಲ್ಲ.

ಬೀಜ ಬಿತ್ತುವವರು ಮುರುಗಲ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಡಬೇಡಿ, ಒಣಗಿದರೆ ಸಾಯುತ್ತದೆ. ಹಣ್ಣು ತಿಂದ ವಾರದೊಳಗೆ ತಿರುಳು ತೊಳೆದು ಮಣ್ಣಿಗೆ ಹಾಕಿ. ಉಪ್ಪಾಗೆ ಬೀಜ ಸೋಮಾರಿ, ಹಾಗೇ ಬಿತ್ತಿದರೆ ಮೊಳೆಯಲು ಐದಾರು ತಿಂಗಳು, ಅದಕ್ಕೂ ಹೆಚ್ಚು. ಗಟ್ಟಿ ಸಿಪ್ಪೆಯನ್ನು ಬೇಳೆಗೆ ಗಾಯವಾಗದಂತೆ ಸುಲಿದು ಹಸಿ ಮರಳಿನಲ್ಲಿ ಹಾಕಿದರೆ ಬೇಗ ಬರುತ್ತದೆ. ಮೊಳಕೆ ಕಾಣಲಿಲ್ಲವೆಂದು ಎರಡನೇ ತಿಂಗಳಿಗೇ ಕುಂಡ ಬರಿದು ಮಾಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು.

ಕೊಂಡದ್ದನ್ನು ಇಡುವ ಬಗೆ: ಗಾಜಿನ ಬಾಟ್ಲಿ ಅಥವಾ ಪಿಂಗಾಣಿ ಭರಣಿ. ಅಲ್ಯೂಮಿನಿಯಂ ಡಬ್ಬಿಯನ್ನು ಈ ಹುಳಿ ತಿಂದುಹಾಕುತ್ತದೆ. ಮಳೆಗಾಲ ಕಳೆದು ಒಳ್ಳೆಯ ಬಿಸಿಲು ಬಿದ್ದ ದಿನ ಸಿಪ್ಪೆಯನ್ನು ಒಮ್ಮೆ ಹೊರಗೆ ಹರವಿ, ಆರಿದ ಮೇಲೆ ಮತ್ತೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಷ್ಟಾಗುತ್ತದೆ. ಉಪ್ಪಿಲ್ಲದ ಸಿಪ್ಪೆ ಹೀಗೆ ಒಂದು ವರ್ಷ ನಿರಾತಂಕ ಇರುತ್ತದೆ. ಎರಡನೇ ವರ್ಷ ಹುಳಿ ಉಳಿದರೂ ಬಣ್ಣ ಇಳಿಯುತ್ತದೆ, ಸಾರಿಗೆ ಬಳಸಿ ಮುಗಿಸಿ.